ಮೂರು ಹೊಲಿಗೆಗೆ ಐದು ದಿನದ ಮಾತ್ರೆ ಬೇಕೇ?

ಮಚ್ಚೆ ತೆಗೆಸಿದರೂ ಆ್ಯಂಟಿಬಯೋಟಿಕ್, ಹರಿದ ಕಿವಿ ಹೊಲಿಸಿದರೂ ಆ್ಯಂಟಿಬಯೋಟಿಕ್. ‘ನಂಜಾಗದೇ ಇರಲಿ’ ಎಂದು ನಾವು ನುಂಗುವ ಮಾತ್ರೆ ನಿಜವಾಗಿಯೂ ನಂಜನ್ನು ತಡೆಯುತ್ತದೆಯೇ? ದೇಶದಲ್ಲಿ ಈಗ ನಡೆಯುತ್ತಿರುವ ಚರ್ಚೆಗೂ ನಿಮ್ಮ ಮನೆಯ ಮಾತ್ರೆ ಡಬ್ಬಿಗೂ ನೇರ ಸಂಬಂಧವಿದೆ.

ಭಾರದ ಜುಮಕಿ ಎಳೆದೂ ಎಳೆದೂ ಕಿವಿಯ ತೂತು ಹರಿದುಹೋಗಿದೆ ಅಂತಿಟ್ಟುಕೊಳ್ಳಿ. ಮನೆಯಲ್ಲಿ ಮದುವೆ ಇದೆ. ಅಷ್ಟರೊಳಗೆ ಕಿವಿ ಸರಿಯಾಗಬೇಕು. ಡಾಕ್ಟರ ಹತ್ತಿರ ಹೋಗುತ್ತೀರಿ. ಅವರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹರಿದ ಅಂಚನ್ನು ಸರಿಪಡಿಸಿ, ಮೂರು ಹೊಲಿಗೆ ಹಾಕುತ್ತಾರೆ. ಅರ್ಧ ಗಂಟೆಯ ಕೆಲಸ. ಹೊರಗೆ ಬರುವಾಗ ಕೈಯಲ್ಲೊಂದು ಚೀಟಿ: ನೋವಿಗೆ ಮಾತ್ರೆ, ಗ್ಯಾಸ್‌ಗೆ ಮಾತ್ರೆ, ದಿನಕ್ಕೆರಡರಂತೆ ಐದು ದಿನ ಆ್ಯಂಟಿಬಯೋಟಿಕ್, ಮೇಲೆ ಹಚ್ಚಲು ಒಂದು ಮುಲಾಮು.

ಚಿಕ್ಕಬಳ್ಳಾಪುರವಿರಲಿ, ಗೌರಿಬಿದನೂರಿರಲಿ, ಚಿಂತಾಮಣಿ, ಶಿಡ್ಲಘಟ್ಟಗಳಿರಲಿ, ಇಂಥ ಚೀಟಿ ನಿಮಗೆ ಹೊಸದೇನಲ್ಲ. ನರೂಲಿ ಸುಡಿಸಿದಾಗ, ಬೆನ್ನಿನ ಕೊಬ್ಬಿನ ಗಡ್ಡೆ ತೆಗೆಸಿದಾಗ, ಕಾಲಿನ ಆಣಿ ಕೊಯ್ಸಿದಾಗಲೂ ಇದೇ ಚೀಟಿ. ನಾವೂ ಅದನ್ನು ಪ್ರಶ್ನೆ ಮಾಡುವುದಿಲ್ಲ. ಡಾಕ್ಟರು ಬರೆಯದೇ ಇದ್ದರೆ ‘ಏನೂ ಮಾತ್ರೆ ಕೊಡಲೇ ಇಲ್ವಲ್ಲ, ನಂಜಾದ್ರೆ ಏನು ಗತಿ?’ ಎಂದು ನಾವೇ ಕೇಳುತ್ತೇವೆ. ಅಷ್ಟಕ್ಕೂ ಬಿಡದೆ ಮೆಡಿಕಲ್ ಶಾಪಿಗೆ ಹೋಗಿ ‘ಹೋದ ಸಲ ಕೊಟ್ಟಿದ್ರಲ್ಲ, ಅದೇ ಕೊಡಿ’ ಅನ್ನುವವರೂ ಇದ್ದಾರೆ.

ಇಲ್ಲೇ ಇರುವುದು ಸಮಸ್ಯೆ. ಶುಭ್ರವಾದ ಚರ್ಮದ ಮೇಲೆ, ಶುಭ್ರವಾದ ಉಪಕರಣದಿಂದ ಮಾಡಿದ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ, ಆರೋಗ್ಯವಂತರಾದ ಬಹುತೇಕ ಮಂದಿಗೆ ಈ ಐದು ದಿನದ ಮಾತ್ರೆ ಬೇಕಾಗಿಯೇ ಇಲ್ಲ.

ದಿಲ್ಲಿಯ ಸುದ್ದಿ, ನಮ್ಮೂರ ಮೆಡಿಕಲ್ ಶಾಪು

ಆ್ಯಂಟಿಬಯೋಟಿಕ್ ವಿಷಯ ಈಗ ವೈದ್ಯರ ಸಮ್ಮೇಳನದಲ್ಲಷ್ಟೇ ಉಳಿದಿಲ್ಲ. 2025ರ ನವೆಂಬರ್ 18ರಂದು ಕೇಂದ್ರ ಆರೋಗ್ಯ ಸಚಿವ ಜೆ.ಪಿ. ನಡ್ಡಾ ಅವರು ಔಷಧಿಗೆ ಬಗ್ಗದ ರೋಗಾಣುಗಳ ವಿರುದ್ಧ ದೇಶದ ಎರಡನೇ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿದರು. 2025ರಿಂದ 2029ರವರೆಗಿನ ಯೋಜನೆ ಅದು. ಮುಂದಿನ ತಿಂಗಳೇ, ಡಿಸೆಂಬರ್ 28ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೂ ಇದನ್ನೇ ಎತ್ತಿದರು. ನ್ಯುಮೋನಿಯಾ, ಮೂತ್ರದ ಸೋಂಕುಗಳ ಮೇಲೆ ಆ್ಯಂಟಿಬಯೋಟಿಕ್‌ಗಳ ಪ್ರಭಾವ ಕುಗ್ಗುತ್ತಿದೆ ಎಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಯನ್ನು ನೆನಪಿಸಿ, ಡಾಕ್ಟರ ಸಲಹೆ ಇಲ್ಲದೆ ಈ ಮಾತ್ರೆ ತೆಗೆದುಕೊಳ್ಳಬೇಡಿ ಎಂದರು.

ಪಕ್ಕದ ಕೇರಳ ಇನ್ನೂ ಮುಂದಿದೆ. 2024ರ ಜನವರಿಯಲ್ಲಿ ಅಲ್ಲಿನ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಅಮೃತ್’ ಎಂಬ ಹೆಸರಿನಲ್ಲಿ ಔಷಧಿ ಅಂಗಡಿಗಳ ದಿಢೀರ್ ತಪಾಸಣೆ ಶುರು ಮಾಡಿತು. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವವರ ಮೇಲೆ ಕ್ರಮ ಕೈಗೊಂಡಿತು. ಆಮೇಲೆ ಮಾರಾಟ ಶೇ 20ರಿಂದ 30ರಷ್ಟು ಇಳಿದಿದೆ ಎಂದು ಅಲ್ಲಿನ ಸರ್ಕಾರ ಹೇಳಿತು.

ಇದೆಲ್ಲ ಚೀಟಿ ಇಲ್ಲದೆ ಕೊಳ್ಳುವವರ ಮಾತಾಯಿತು. ಡಾಕ್ಟರೇ ಬರೆದ ಚೀಟಿಯ ಕಥೆ ಏನು? ಅದಕ್ಕೂ ಲೆಕ್ಕವಿದೆ. ಕೇಂದ್ರದ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವು 2021ರ ನವೆಂಬರ್‌ನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳಲ್ಲಿ ದಾಖಲಾಗಿದ್ದ 9,652 ರೋಗಿಗಳನ್ನು ಗಮನಿಸಿತು. ಅವರಲ್ಲಿ ಶೇ 71.9 ಮಂದಿಗೆ ಆ್ಯಂಟಿಬಯೋಟಿಕ್ ಕೊಡಲಾಗಿತ್ತು. ಅದರಲ್ಲೂ ಅರ್ಧಕ್ಕಿಂತ ಹೆಚ್ಚು, ಅಂದರೆ ಶೇ 55ರಷ್ಟು, ಬಂದ ಸೋಂಕಿಗಲ್ಲ. ಬಾರದಿರಲಿ ಅಂತ ಮುನ್ನೆಚ್ಚರಿಕೆಗೆ ಕೊಟ್ಟದ್ದು! ಯಾವ ರೋಗಾಣು ಎಂದು ಪರೀಕ್ಷೆಯಲ್ಲಿ ಖಚಿತ ಮಾಡಿಕೊಂಡು ಕೊಟ್ಟದ್ದು ಕೇವಲ ಶೇ 6.

ಇವೆಲ್ಲ ದೊಡ್ಡ ಆಸ್ಪತ್ರೆಗಳ ಅಂಕಿ ಅಂಶ, ನಮ್ಮ ತಾಲ್ಲೂಕು ಕ್ಲಿನಿಕ್ಕಿನದಲ್ಲ ನಿಜ. ಆದರೆ ‘ಇರಲಿ, ಒಂದು ರಕ್ಷಣೆಗೆ’ ಎಂಬ ಮನೋಭಾವ ದೊಡ್ಡ ಆಸ್ಪತ್ರೆಗಳಲ್ಲೇ ಇಷ್ಟಿದೆ ಎಂದಮೇಲೆ ಯೋಚಿಸಬೇಕಾದ ಮಾತೇ. 2024ರ ಜನವರಿಯಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು, ಆ್ಯಂಟಿಬಯೋಟಿಕ್ ಬರೆಯುವಾಗ ಅದಕ್ಕೆ ಕಾರಣವನ್ನೂ ಚೀಟಿಯಲ್ಲಿ ಬರೆಯಿರಿ ಎಂದು ಕೇಳಿಕೊಂಡದ್ದು ಇಂಥ ಹಿನ್ನೆಲೆಯಲ್ಲೇ.

ಹಾಲು ಒಡೆದ ಮೇಲೆ ಕಾಯಿಸಿದರೆ?

ಮುನ್ನೆಚ್ಚರಿಕೆಯ ಆ್ಯಂಟಿಬಯೋಟಿಕ್ ಅಂದರೆ ಪೂರ್ತಿ ತಪ್ಪು ಅಂತಲ್ಲ. ಬೇಕಾದ ಕಡೆ ಅದು ಜೀವ ಉಳಿಸುತ್ತದೆ. ಆದರೆ ಅದಕ್ಕೊಂದು ಹೊತ್ತು ಇದೆ. ಆ ಹೊತ್ತು ಮೀರಿದರೆ ಪ್ರಯೋಜನವಿಲ್ಲ.

ಇದನ್ನು ತೋರಿಸಿಕೊಟ್ಟವರು ಅಮೆರಿಕದ ಬೋಸ್ಟನ್ನಿನ ಶಸ್ತ್ರವೈದ್ಯ ಜಾನ್ ಬರ್ಕ್, 1961ರಲ್ಲಿ. ಅವರು ಪ್ರಯೋಗ ಮಾಡಿದ್ದು ಗಿನಿಪಿಗ್‌ಗಳ ಚರ್ಮದ ಮೇಲೆಯೇ. ಚರ್ಮದೊಳಗೆ ರೋಗಾಣು ಸೇರಿಸಿ, ಬೇರೆ ಬೇರೆ ಹೊತ್ತಿನಲ್ಲಿ ಔಷಧಿ ಕೊಟ್ಟು ನೋಡಿದರು. ರೋಗಾಣು ಸೇರುವ ಮೊದಲೇ ಅಥವಾ ಸೇರುವಾಗಲೇ ಔಷಧಿ ರಕ್ತದಲ್ಲಿದ್ದರೆ ಸೋಂಕು ತಲೆ ಎತ್ತಲಿಲ್ಲ. ಮೂರು ಗಂಟೆ ತಡವಾಗಿ ಕೊಟ್ಟರೆ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ಮನುಷ್ಯರಲ್ಲೂ ಹೀಗೇ ಕಂಡಿತು. 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು, ದೊಡ್ಡ ಶಸ್ತ್ರಚಿಕಿತ್ಸೆ ಆದ 2,847 ಮಂದಿಯನ್ನು ಗಮನಿಸಿತ್ತು. ಕೊಯ್ಯುವ ಮೊದಲಿನ ಎರಡು ಗಂಟೆಯೊಳಗೆ ಔಷಧಿ ಪಡೆದವರಲ್ಲಿ ಗಾಯದ ಸೋಂಕು ಶೇ 0.6 ಮಾತ್ರ. ಕೊಯ್ದು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ಶೇ 3.3.

ನಮ್ಮ ಅಡುಗೆಮನೆ ಭಾಷೆಯಲ್ಲಿ ಹೇಳಬೇಕೆಂದರೆ, ಹಾಲನ್ನು ಕೆಡುವ ಮೊದಲು ಕಾಯಿಸಬೇಕು. ಒಡೆದ ಮೇಲೆ ಐದು ದಿನ ಕಾಯಿಸಿದರೂ ಅದು ಹಾಲಾಗುವುದಿಲ್ಲ. ಹೊಲಿಗೆ ಹಾಕಿ, ಪಟ್ಟಿ ಕಟ್ಟಿ, ಮನೆಗೆ ಬಂದು, ಊಟ ಮಾಡಿ ರಾತ್ರಿ ನುಂಗುವ ಮೊದಲ ಮಾತ್ರೆ ಆ ಹೊತ್ತನ್ನು ಆಗಲೇ ಕಳೆದುಕೊಂಡಿರುತ್ತದೆ.

ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮುನ್ನೆಚ್ಚರಿಕೆಯ ಆ್ಯಂಟಿಬಯೋಟಿಕ್ ಬೇಕಾದ ಕಡೆ ಕೊಯ್ಯುವ ಮೊದಲೇ ಕೊಡಿ, ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಮುಂದುವರಿಸಬೇಡಿ ಎಂದು ಹೇಳಿದೆ. ದೊಡ್ಡ ಆಪರೇಷನ್ನಿಗೇ ಈ ಮಾತು. ಹಾಗಿರುವಾಗ ಮೂರು ಹೊಲಿಗೆಯ ಕಿವಿಗೆ ಐದು ದಿನ ಯಾಕೆ?

ಯಾರಿಗೆ ಬೇಕು, ಯಾರಿಗೆ ಬೇಡ?

ಚರ್ಮದ ಸಣ್ಣ ಶಸ್ತ್ರಚಿಕಿತ್ಸೆಗಳಲ್ಲಿ ಯಾರಿಗೆ ಈ ಔಷಧಿ ಎಂಬುದರ ಬಗ್ಗೆ ಅಮೆರಿಕದ ತಜ್ಞರು 2008ರಲ್ಲಿ ಒಂದು ಸಲಹೆ ಪ್ರಕಟಿಸಿದರು. ಅದರ ಸಾರ ಇಷ್ಟು:

• ಮಚ್ಚೆ, ಸಣ್ಣ ಗಡ್ಡೆ ಮುಂತಾದವನ್ನು ಶುಭ್ರ ಚರ್ಮದಿಂದ ತೆಗೆದು ನೇರವಾಗಿ ಹೊಲಿಯುವ ಕೆಲಸಕ್ಕೆ, ಆರೋಗ್ಯವಂತರಿಗೆ, ಮಾಮೂಲಾಗಿ ಬೇಡ.

• ಮೊಣಕಾಲಿನ ಕೆಳಗೆ, ತೊಡೆಸಂದಿಯಲ್ಲಿ, ತುಟಿ ಅಥವಾ ಕಿವಿಯ ತುಂಡನ್ನೇ ಕತ್ತರಿಸಿ ತೆಗೆಯುವಾಗ, ಮೂಗಿನ ಮೇಲೆ ಪಕ್ಕದ ಚರ್ಮ ಎಳೆದು ಮುಚ್ಚುವಾಗ, ಬೇರೆ ಕಡೆಯ ಚರ್ಮ ತಂದು ಕಸಿ ಮಾಡುವಾಗ ಸೋಂಕಿನ ಭಯ ಹೆಚ್ಚು. ಇಂಥ ಕಡೆ ಕೊಯ್ಯುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಒಂದೇ ಒಂದು ಡೋಸ್ ಕೊಡುವ ಬಗ್ಗೆ ವೈದ್ಯರು ಯೋಚಿಸಬಹುದು.

• ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೆ ಹೃದಯದ ಒಳಪದರದ ಸೋಂಕು ಬಂದಿದ್ದವರು ಮೊದಲಾದವರಿಗೆ, ಶಸ್ತ್ರಚಿಕಿತ್ಸೆ ಬಾಯಿಯ ಒಳಚರ್ಮವನ್ನು ಮುಟ್ಟುವುದಾದರೆ ಅಥವಾ ಕೊಯ್ಯುವ ಜಾಗದಲ್ಲಿ ಆಗಲೇ ಸೋಂಕಿದ್ದರೆ ರಕ್ಷಣೆ ಬೇಕು. ಇದನ್ನು ಡಾಕ್ಟರಿಗೆ ನೀವೇ ಮೊದಲು ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ.

ಸಕ್ಕರೆ ಕಾಯಿಲೆ ಇರುವವರಿಗೆ ಸೋಂಕಿನ ಅಪಾಯ ಹೆಚ್ಚೇ. ಹಾಗಂತ ಮಾತ್ರೆ ಕೊಟ್ಟುಬಿಟ್ಟರೆ ಆಯಿತು ಅಂತಲ್ಲ. ಮೊದಲು ಸಕ್ಕರೆ ಹತೋಟಿಗೆ ಬರಲಿ. ಅವಸರವಿಲ್ಲದ ಮಚ್ಚೆ, ಗಡ್ಡೆಗಳನ್ನು ಆಮೇಲೆ ತೆಗೆಸಬಹುದು. ಅತ್ತೆಯವರ ಸಕ್ಕರೆ ಮುನ್ನೂರು ಇದ್ದಾಗ ಆಣಿ ಕೊಯ್ಸಿ, ಮೇಲೆ ಒಂದು ಕೋರ್ಸ್ ಮಾತ್ರೆ ಕೊಡಿಸಿದರೆ ಗಾಯ ಒಣಗುವ ಭರವಸೆ ಇಲ್ಲ.

ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ. ಕೀವು ತುಂಬಿದ ಕುರು, ನಾಯಿ ಕಚ್ಚಿದ ಗಾಯ, ಗಾಡಿಯಿಂದ ಬಿದ್ದು ಮಣ್ಣು ಸೇರಿದ ಗಾಯ ಇವುಗಳ ಲೆಕ್ಕವೇ ಬೇರೆ. ಅಲ್ಲಿ ಸೋಂಕು ಆಗಲೇ ಬಂದಿದೆ ಅಥವಾ ಕೊಳೆ ಒಳಗೆ ಹೋಗಿದೆ. ಅಲ್ಲಿ ಕೊಡುವುದು ಬರೀ ಮುನ್ನೆಚ್ಚರಿಕೆಯಲ್ಲ, ಚಿಕಿತ್ಸೆ. ಈ ಲೇಖನ ಓದಿ ಅಂಥ ಮಾತ್ರೆ ನಿಲ್ಲಿಸಿಬಿಡಬೇಡಿ.

‘ನಮ್ಮ ಧೂಳು, ನಮ್ಮ ಸೆಕೆ’ ಅಂತೀರಾ?

‘ಅದೆಲ್ಲ ಅಮೆರಿಕದ ಮಾತು. ನಮ್ಮ ಕಡೆ ಧೂಳು, ಬೆವರು, ನೀರಿಗೆ ಟ್ಯಾಂಕರ್ ಕಾಯಬೇಕು. ಇಲ್ಲಿ ನಂಜಾಗದೇ ಇರುತ್ತಾ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ತಳ್ಳಿಹಾಕುವಂಥದ್ದಲ್ಲ.

ಇದಕ್ಕೆ ಉತ್ತರ ಆಸ್ಟ್ರೇಲಿಯಾದ ಉಷ್ಣ ವಲಯದಲ್ಲಿದೆ. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಮಕಾಯ್ ಎಂಬ ಊರಿನ ಸುತ್ತ ಸೆಕೆ, ತೇವ ಎರಡೂ ಜಾಸ್ತಿ. ಊರ ಸಾಮಾನ್ಯ ಕ್ಲಿನಿಕ್ಕುಗಳಲ್ಲೇ ಮಚ್ಚೆ, ಗಡ್ಡೆ ತೆಗೆಯುತ್ತಾರೆ. 2006ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 857 ಮಂದಿ ಇದ್ದರು. ಹೊಲಿಗೆ ಹಾಕಿದ ಮೊದಲ ಎರಡು ದಿನದಲ್ಲೇ ಪಟ್ಟಿ ತೆಗೆದು ಸ್ನಾನ ಮಾಡಿದವರಲ್ಲಿ ಶೇ 8.4 ಮಂದಿಗೆ, ಒದ್ದೆಯಾಗದಂತೆ ಕಾಪಾಡಿಕೊಂಡವರಲ್ಲಿ ಶೇ 8.9 ಮಂದಿಗೆ ಸೋಂಕು ಬಂತು. ತಂಪು ದೇಶಗಳ ಕ್ಲಿನಿಕ್ಕುಗಳಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ದಾಟುವುದಿಲ್ಲ. ಅಂದರೆ ಸೆಕೆಯ ಊರಲ್ಲಿ ನಂಜಿನ ಭಯ ಹೆಚ್ಚು ಎಂಬುದು ಸುಳ್ಳಲ್ಲ.

ಅದೇ ತಂಡ 2009ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. 972 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹೊಲಿಗೆ ಹಾಕಿದ ಕೂಡಲೇ ಕ್ಲೋರಾಂಫೆನಿಕಾಲ್ ಮುಲಾಮನ್ನು ಒಂದೇ ಸಲ ಹಚ್ಚಿದರು. ಉಳಿದವರಿಗೆ ಔಷಧಿಯಿಲ್ಲದ ಜಿಡ್ಡಿನ ಮುಲಾಮು. ಸೋಂಕು ಶೇ 11ರಿಂದ ಶೇ 6.6ಕ್ಕೆ ಇಳಿಯಿತು. ಆದರೂ ಆ ಸಂಶೋಧಕರೇ, ಎಲ್ಲರಿಗೂ ಹಚ್ಚಿ ಎನ್ನುವಷ್ಟು ದೊಡ್ಡ ಲಾಭವಲ್ಲ ಇದು ಎಂದರು.

ಇದರಿಂದ ನಮಗೆ ತಿಳಿಯುವುದು ಎರಡು. ಒಂದು, ಸೆಕೆಯ ಊರಲ್ಲೂ, ಮಾತ್ರೆ ಇಲ್ಲದೆಯೂ, ಹತ್ತರಲ್ಲಿ ಒಂಬತ್ತು ಮಂದಿಯ ಗಾಯ ತಾನಾಗಿಯೇ ಮಾಗುತ್ತದೆ. ಎರಡು, ಅಲ್ಲಿ ಪ್ರಯೋಜನಕ್ಕೆ ಬಂದದ್ದೂ ಒಂದು ಸಲದ ಲೇಪನ. ಐದು ದಿನ ನುಂಗುವ ಮಾತ್ರೆಯಲ್ಲ.

ಡಾಕ್ಟರು ಯಾಕೆ ಬರೀತಾರೆ?

ಇಷ್ಟೆಲ್ಲ ಗೊತ್ತಿದ್ದೂ ಡಾಕ್ಟರು ಯಾಕೆ ಬರೆಯುತ್ತಾರೆ? ಅವರನ್ನು ಬೈದರೆ ಕೆಲಸ ಮುಗಿಯುವುದಿಲ್ಲ. ಅವರ ಕಡೆಯಿಂದಲೂ ನೋಡಿ.

ಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದವರು ಮೂರನೇ ದಿನ ಮತ್ತೆ ತೋರಿಸಲು ಬರುತ್ತಾರೆಂಬ ನಂಬಿಕೆ ಇಲ್ಲ. ಮನೆಗೆ ಹೋದ ಮೇಲೆ ಗಾಯದ ಮೇಲೆ ಅರಿಶಿನ ಹಾಕುತ್ತಾರೋ, ಸಗಣಿ ಬಾಚುವ ಕೈಯಲ್ಲೇ ಮುಟ್ಟುತ್ತಾರೋ ಗೊತ್ತಿಲ್ಲ. ಸ್ವಲ್ಪ ಕೆಂಪಾದರೂ ‘ಆ ಡಾಕ್ಟರ ಕೈಗುಣ ಸರಿಯಿಲ್ಲ’ ಎಂಬ ಮಾತು ಊರೆಲ್ಲ ಹಬ್ಬುತ್ತದೆ. ಒಂದು ಸ್ಟ್ರಿಪ್ ಮಾತ್ರೆ ಬರೆದರೆ ಈ ತಲೆನೋವಿಲ್ಲ. ಜೊತೆಗೆ ನಮ್ಮದೇ ಒತ್ತಾಯ ಬೇರೆ. ಮಾತ್ರೆ ಬರೆದರೆ ಒಳ್ಳೆ ಡಾಕ್ಟರು, ಬರೆಯದಿದ್ದರೆ ಅಲ್ಲ!

ಹಾಗಾಗಿ ಈ ಚೀಟಿ ಸಣ್ಣದಾಗಬೇಕಾದರೆ ಬದಲಾವಣೆ ಎರಡೂ ಕಡೆಯಿಂದ ಬರಬೇಕು. ‘ಡಾಕ್ಟ್ರೇ, ನಾನು ಮೂರನೇ ದಿನ ಬಂದು ತೋರಿಸ್ತೀನಿ. ಅಲ್ಲಿವರೆಗೆ ಆ್ಯಂಟಿಬಯೋಟಿಕ್ ಇಲ್ಲದೆ ನೋಡೋಣವಾ?’ ಎಂದು ನೀವು ಕೇಳಿದರೆ ಅವರಿಗೂ ಧೈರ್ಯ ಬರುತ್ತದೆ.

ಬೇಡದ ಮಾತ್ರೆಗೆ ತೆರುವ ಬೆಲೆ

‘ತಗೊಂಡ್ರೆ ನಷ್ಟವೇನು?’ ಅನ್ನುವವರಿಗೆ ಇಲ್ಲಿದೆ ಪಟ್ಟಿ. ಮೊದಲನೆಯದು ಭೇದಿ, ವಾಕರಿಕೆ. ಎರಡನೆಯದು ಹೆಂಗಸರಿಗೆ ಚೆನ್ನಾಗಿ ಗೊತ್ತಿರುವ, ಆದರೆ ಯಾರೂ ಬಾಯಿಬಿಟ್ಟು ಹೇಳದ ತೊಂದರೆ: ಆ್ಯಂಟಿಬಯೋಟಿಕ್ ಮುಗಿಯುವ ಹೊತ್ತಿಗೆ ಶುರುವಾಗುವ ಜನನಾಂಗದ ತುರಿಕೆ, ಬಿಳಿ ಸ್ರಾವ. ದೇಹದ ಒಳ್ಳೆಯ ಜೀವಾಣುಗಳು ಸತ್ತಾಗ ಶಿಲೀಂಧ್ರ ಬೆಳೆಯುವುದೇ ಇದಕ್ಕೆ ಕಾರಣ. ಮೂರನೆಯದು ಅಲರ್ಜಿ. ಕೆಲವರಿಗೆ ಮೈಯೆಲ್ಲ ಗಂಧೆ ಏಳುತ್ತದೆ. ಅಪರೂಪಕ್ಕೆ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಕಿವಿಗೆ ಮೂರು ಹೊಲಿಗೆ ಹಾಕಿಸಿಕೊಳ್ಳಲು ಹೋಗಿ ಈ ಅಪಾಯ ಯಾಕೆ?

ಎಲ್ಲಕ್ಕಿಂತ ದೊಡ್ಡದು ಕಣ್ಣಿಗೆ ಕಾಣದ ನಷ್ಟ. ಚರ್ಮದ ಗಾಯಗಳಲ್ಲಿ ಸಾಮಾನ್ಯವಾಗಿ ಕೀವು ತರುವ ರೋಗಾಣು ಸ್ಟ್ಯಾಫೈಲೋಕಾಕಸ್. ಮಾಮೂಲಿ ಔಷಧಿಗಳಿಗೆ ಬಗ್ಗದ ಅದರ ತಳಿಯನ್ನು ವೈದ್ಯರು ಎಂಆರ್‌ಎಸ್‌ಎ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಆಸ್ಪತ್ರೆಗಳಲ್ಲಿ ಈ ತಳಿಯ ಪಾಲು 2016ರಲ್ಲಿ ಶೇ 28.4 ಇದ್ದದ್ದು 2021ರಲ್ಲಿ ಶೇ 42.6ಕ್ಕೆ ಏರಿತು. ಇವತ್ತು ಮಚ್ಚೆಗೆಂದು ನುಂಗಿದ ಮಾತ್ರೆ ನಮ್ಮ ಮೈಯಲ್ಲಿನ ಬಗ್ಗುವ ರೋಗಾಣುಗಳನ್ನು ಕೊಂದು, ಬಗ್ಗದವಕ್ಕೆ ಜಾಗ ಬಿಡುತ್ತದೆ. ಅವು ನಮ್ಮಲ್ಲೇ ಉಳಿಯುವುದಿಲ್ಲ. ಒಂದೇ ಟವೆಲ್, ಒಂದೇ ಹಾಸಿಗೆ ಬಳಸುವ ಮನೆಮಂದಿಗೆಲ್ಲ ದಾಟುತ್ತವೆ. ನಾಳೆ ಮಗಳ ಹೆರಿಗೆಯಲ್ಲೋ, ಮಾವನವರ ಹೃದಯದ ಆಪರೇಷನ್ನಿನಲ್ಲೋ ನಿಜವಾಗಿ ಔಷಧಿ ಬೇಕಾದಾಗ ಅದು ಕೆಲಸ ಮಾಡದೇ ಹೋದರೆ?

ಮತ್ತೊಂದು ತಮಾಷೆ ನೋಡಿ. ನಮ್ಮ ಮನೆಗಳಲ್ಲಿ ಉಳಿಯುವ, ಕೇಳಿ ಪಡೆಯುವ ಮಾತ್ರೆಗಳಲ್ಲಿ ಸೆಫಿಕ್ಸಿಮ್ ಒಂದು. ಚರ್ಮದ ಸ್ಟ್ಯಾಫೈಲೋಕಾಕಸ್ ಮೇಲೆ ಅದರ ಪ್ರಭಾವ ತೀರಾ ಕಡಿಮೆ. ಬೇಡದ ಮಾತ್ರೆ ಮಾತ್ರವಲ್ಲ, ಆ ಕೆಲಸಕ್ಕೆ ಬಾರದ ಮಾತ್ರೆಯನ್ನೂ ನುಂಗುತ್ತಿರುತ್ತೇವೆ!

ಹೊಲಿಗೆ ಹಾಕಿಸುವ ಮೊದಲು, ಹಾಕಿಸಿದ ಮೇಲೆ

ಹಾಗಾದರೆ ನಂಜು ತಡೆಯುವುದು ಯಾವುದು? ಸೋಪು, ಶುಭ್ರ ಕೈ, ಶುಭ್ರ ಉಪಕರಣ, ಸ್ವಲ್ಪ ವಿಶ್ರಾಂತಿ. ಕೇಳಲು ಸಪ್ಪೆ ಅನಿಸಬಹುದು. ಆದರೆ ಕೆಲಸ ಮಾಡುವುದು ಇವೇ.

• ಹೋಗುವ ದಿನ ಬೆಳಿಗ್ಗೆ ಸೋಪು ಹಚ್ಚಿ ಸ್ನಾನ ಮಾಡಿ. ಕೊಯ್ಯುವ ಜಾಗದ ಕೂದಲನ್ನು ಮನೆಯಲ್ಲಿ ರೇಜರಿನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಿಂದಲೇ ರೋಗಾಣು ಒಳಹೋಗುತ್ತದೆ. ಬೇಕಿದ್ದರೆ ಅಲ್ಲೇ ಕ್ಲಿಪ್ಪರಿನಿಂದ ತೆಗೆಯುತ್ತಾರೆ.

• ಕ್ಲಿನಿಕ್ಕು ನೋಂದಾಯಿತವೇ ನೋಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ, ಉಳಿದ ಮೂರು ಊರಿನ ತಾಲ್ಲೂಕು ಆಸ್ಪತ್ರೆಗಳಲ್ಲೂ ವಿಚಾರಿಸಿ.

• ಮೊದಲ ಒಂದೆರಡು ದಿನ ಪಟ್ಟಿ ಹಾಗೇ ಇರಲಿ. ಆಮೇಲೆ ಡಾಕ್ಟರು ಹೇಳಿದಂತೆ ನೀರು ಸೋಕಿಸಿ ಮೆಲ್ಲಗೆ ತೊಳೆದು, ಒತ್ತಿ ಒರೆಸಿ. ಉಜ್ಜಬೇಡಿ. ಬಕೆಟ್ಟಿನಲ್ಲಿ, ಟಬ್ಬಿನಲ್ಲಿ ಗಾಯವನ್ನು ಮುಳುಗಿಸಿಡಬೇಡಿ.

• ಗಾಯ ಮುಟ್ಟುವ ಮೊದಲು ಕೈ ತೊಳೆಯಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ಅಡುಗೆಗೆ ಬಳಸುವ ಅರಿಶಿನ ರೋಗಾಣುರಹಿತವಲ್ಲ.

• ಆ್ಯಂಟಿಬಯೋಟಿಕ್ ಮುಲಾಮಿನ ಬದಲು ಹೊಸ ಟ್ಯೂಬಿನ ಬಿಳಿ ಪೆಟ್ರೋಲಿಯಂ ಜೆಲ್ಲಿ ಸಾಕೇ ಎಂದು ಕೇಳಿ. 1996ರಲ್ಲಿ ಪ್ರಕಟವಾದ, ಸುಮಾರು 900 ಮಂದಿಯ ಮೇಲಿನ ಅಮೆರಿಕದ ಅಧ್ಯಯನದಲ್ಲಿ ಎರಡರ ನಡುವೆ ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆ್ಯಂಟಿಬಯೋಟಿಕ್ ಮುಲಾಮು ಹಚ್ಚಿದ ಕೆಲವರಿಗೆ ಅಲರ್ಜಿಯಾಯಿತು, ಜೆಲ್ಲಿ ಹಚ್ಚಿದವರಿಗೆ ಆಗಲಿಲ್ಲ. ಅಲರ್ಜಿಯ ಕೆಂಪು, ತುರಿಕೆಯನ್ನೇ ನಂಜೆಂದು ತಿಳಿದು ಇನ್ನಷ್ಟು ಹಚ್ಚುವವರೂ ಇದ್ದಾರೆ.

• ಹುಳುಕಡ್ಡಿಗೆಂದು ತಂದ, ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಹೊಲಿಗೆ ಮೇಲೆ ಹಚ್ಚಲೇಬೇಡಿ. ಅದು ಗಾಯ ಮಾಗುವುದನ್ನು ತಡ ಮಾಡುತ್ತದೆ.

• ಕೈಬೆರಳಿಗೆ ಹೊಲಿಗೆ ಬಿದ್ದಿದ್ದರೆ ಪಾತ್ರೆ, ಬಟ್ಟೆಯ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಗೆ ಹೋಗುವ ಹೆಂಗಸರಿಗೆ ಇದು ಇನ್ನೂ ಮುಖ್ಯ. ಗೂಡು ಬೇಯಿಸಿದ ನೀರಿನಲ್ಲಿ ಗಂಟೆಗಟ್ಟಲೆ ನೆನೆಯುವ ಬೆರಳಿನ ಹೊಲಿಗೆಯನ್ನು ಯಾವ ಮಾತ್ರೆಯೂ ಕಾಪಾಡಲಾರದು. ಚಿಂತಾಮಣಿ ಕಡೆ ಟೊಮೆಟೊ ಬಿಡಿಸುವವರಿಗೂ ಹಾಗೇ. ನಿಮ್ಮ ಮನೆಗೆಲಸಕ್ಕೆ ಬರುವಾಕೆಗೆ ಹೊಲಿಗೆ ಬಿದ್ದಿದ್ದರೆ ಸಂಬಳ ಹಿಡಿಯದೆ ನಾಲ್ಕು ದಿನ ರಜೆ ಕೊಡಿ. ಮಾತ್ರೆ ಕೊಡಿಸುವುದಕ್ಕಿಂತ ದೊಡ್ಡ ಉಪಕಾರ ಅದು.

ಕೂಡಲೇ ತೋರಿಸಬೇಕಾದ ಲಕ್ಷಣಗಳು

ಮೊದಲ ದಿನ ಸ್ವಲ್ಪ ನೋವು, ಅಂಚಿನಲ್ಲಿ ತೆಳು ಕೆಂಪು ಸಹಜ. ಆದರೆ ಎರಡು ಮೂರು ದಿನ ಕಳೆದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಜಾಗ ಬಿಸಿಯಾಗಿ ಬಾತುಕೊಂಡರೆ, ಕೀವು, ದುರ್ವಾಸನೆ ಅಥವಾ ಜ್ವರ ಬಂದರೆ ಕಾಯಬೇಡಿ. ಅದು ನಿಜವಾದ ನಂಜು. ಆಗ ಆ್ಯಂಟಿಬಯೋಟಿಕ್ ಬೇಕಾಗಬಹುದು. ಬರೆದುಕೊಟ್ಟರೆ ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತಪ್ಪದೆ ತೆಗೆದುಕೊಳ್ಳಿ.

ನಿಮ್ಮ ಸಂದೇಹ, ನಮ್ಮ ಉತ್ತರ

ಹೋದ ವರ್ಷದ ಆ್ಯಂಟಿಬಯೋಟಿಕ್ ಆರು ಮಾತ್ರೆ ಉಳಿದಿವೆ. ಅದನ್ನೇ ನುಂಗಬಹುದಾ?
ಬೇಡ. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದೆಯಾ ನೋಡಿ. ಚೀಟಿ ಇಲ್ಲದೆ ಕೊಳ್ಳಬಾರದ ಔಷಧಿ ಎಂಬುದಕ್ಕೆ ಅದು ಗುರುತು. ಈ ಗೆರೆಯ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲೇ ಪ್ರಚಾರ ಶುರು ಮಾಡಿತ್ತು. ಸೆಫಿಕ್ಸಿಮ್‌ನಂಥ ಕೆಲವು ಔಷಧಿಗಳಿಗೆ 2014ರ ಮಾರ್ಚ್‌ನಿಂದ ನಿಯಮ ಇನ್ನೂ ಬಿಗಿ: ಅಂಗಡಿಯವರು ರೋಗಿಯ ಮತ್ತು ಡಾಕ್ಟರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು.

ಎರಡು ದಿನ ಆಗಲೇ ತಗೊಂಡಿದ್ದೀನಿ. ನಿಲ್ಲಿಸಿಬಿಡಲಾ?
ನೀವೇ ತೀರ್ಮಾನ ಮಾಡಬೇಡಿ. ಡಾಕ್ಟರಿಗೆ ಫೋನ್ ಮಾಡಿ ‘ಇದು ಮುನ್ನೆಚ್ಚರಿಕೆಗೆ ಕೊಟ್ಟದ್ದೋ, ಸೋಂಕಿಗೆ ಕೊಟ್ಟದ್ದೋ’ ಎಂದು ಕೇಳಿ, ಅವರು ಹೇಳಿದಂತೆ ಮಾಡಿ.

ಬದನೆಕಾಯಿ ತಿಂದರೆ ಹೊಲಿಗೆ ನಂಜಾಗುತ್ತಂತೆ?
ಹೊಲಿಗೆಗೆ ಸೋಂಕು ತರುವುದು ರೋಗಾಣು, ತರಕಾರಿಯಲ್ಲ. ನಿಮಗೆ ಬದನೆಕಾಯಿ ತಿಂದರೆ ಮೈ ತುರಿಸುತ್ತದೆ ಅಂತಾದರೆ ಬಿಡಿ. ಇಲ್ಲವಾದರೆ ಬೇಳೆ, ಕಾಳು, ಮೊಟ್ಟೆ, ಸೊಪ್ಪು ಚೆನ್ನಾಗಿ ತಿನ್ನಿ. ಬರೀ ಗಂಜಿ ಕುಡಿದು ಪಥ್ಯ ಮಾಡಿದರೆ ಗಾಯ ಮಾಗಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು?

ಬ್ಯೂಟಿ ಪಾರ್ಲರಿನಲ್ಲಿ ಮಚ್ಚೆ ತೆಗೀತಾರೆ. ಕಡಿಮೆ ದುಡ್ಡು. ಆಗಬಹುದಾ?
ಖಂಡಿತ ಬೇಡ. ಅಲ್ಲಿ ಉಪಕರಣ ಶುಭ್ರ ಎಂಬ ಖಾತ್ರಿ ಇಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಬೆಳೆಯುತ್ತಿರುವ, ಬಣ್ಣ ಬದಲಾಗುತ್ತಿರುವ, ರಕ್ತ ಒಸರುವ ಮಚ್ಚೆ ಕ್ಯಾನ್ಸರ್ ಆಗಿರಬಹುದು. ಅದನ್ನು ಡಾಕ್ಟರೇ ತೆಗೆದು ಲ್ಯಾಬಿಗೆ ಕಳಿಸಬೇಕು.

ಚೀಟಿ ಕೈಗೆ ಬಂದಾಗ ಕೇಳಬೇಕಾದ ನಾಲ್ಕು ಪ್ರಶ್ನೆ

1. ಇದರಲ್ಲಿ ಆ್ಯಂಟಿಬಯೋಟಿಕ್ ಯಾವುದು?
2. ನನಗೆ ಈಗ ಸೋಂಕು ಇದೆಯಾ, ಇಲ್ಲಾ ಮುನ್ನೆಚ್ಚರಿಕೆಗೆ ಕೊಟ್ಟಿದ್ದೀರಾ?
3. ಮುನ್ನೆಚ್ಚರಿಕೆಗೆ ಆದರೆ, ಕೊಯ್ಯುವ ಮೊದಲು ಒಂದೇ ಡೋಸ್ ಸಾಕಾಗುವುದಿಲ್ಲವಾ?
4. ಮಾತ್ರೆ ಇಲ್ಲದೆ ನೋಡುವುದಾದರೆ ನಾನು ಯಾವ ದಿನ ಬಂದು ತೋರಿಸಬೇಕು?

ಡಾಕ್ಟರನ್ನು ಹೀಗೆಲ್ಲ ಕೇಳಿದರೆ ಅವರಿಗೆ ಬೇಸರವಾಗುತ್ತದೇನೋ ಎಂಬ ಅಳುಕು ಸಹಜ. ಆದರೆ ‘ಯಾಕೆ’ ಎಂದು ಕೇಳದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವನವಿಡೀ ಹೇಳಿದ ಎಚ್. ನರಸಿಂಹಯ್ಯನವರು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಊರಿನ ಸೀಮೆಯ ಹೆಣ್ಣುಮಕ್ಕಳು ಒಂದು ಚೀಟಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರೆ ತಪ್ಪೇನಿಲ್ಲ. ಮರ್ಯಾದೆಯಿಂದ ಕೇಳಿ. ಒಳ್ಳೆಯ ಡಾಕ್ಟರು ಸಂತೋಷದಿಂದಲೇ ಉತ್ತರ ಹೇಳುತ್ತಾರೆ.